ಪೇಂಟೆಡ್ ಡೆಸರ್ಟ್‌ಗೆ ಎಷ್ಟು ಹೊತ್ತು ಬೇಕು? ಅಕ್ಟೋಬರ್ ಕೊನೆ, ಜೊತೆಗೆ ಅಮ್ಮ ಮತ್ತು ಮಗಳು

ಅರ್ಧದಾರಿ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಅರಿಜೋನಾ ಕಡೆ ಹೊರಟಿದ್ದೇವೆ. ಗ್ರ್ಯಾಂಡ್ ಕ್ಯಾನ್ಯನ್ ಮುಗಿಸಿಕೊಂಡು ಕಾರಿನಲ್ಲಿ ಅಲ್ಬುಕರ್ಕಿಗೆ ಹೋಗಬೇಕು. ದಾರಿಯಲ್ಲೇ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಪೇಂಟೆಡ್ ಡೆಸರ್ಟ್ ಅದರೊಳಗೇ ಇದೆ ಅಂತ ಓದಿದೆ. ಚಿತ್ರಗಳಲ್ಲಿ ನೀಲಿ, ನೇರಳೆ, ಕೆಂಪು ಪಟ್ಟೆಯ ಮಣ್ಣುಗುಡ್ಡಗಳು. ನೋಡಿದರೆ ನಂಬುವುದಕ್ಕೇ ಆಗುವುದಿಲ್ಲ.

ನಮ್ಮ ಭಾವ ಹೇಳುವುದು, "ಹೆದ್ದಾರಿ ಪಕ್ಕದಲ್ಲೇ ಇದೆ, ಎರಡು ಗಂಟೆ ನಿಲ್ಲಿಸಿ ನೋಡಿಕೊಂಡು ಹೋಗಿ, ಸಾಕು" ಅಂತ. ನನಗೆ ಯಾಕೋ ಸಮಾಧಾನ ಇಲ್ಲ. ನಾವು ನಾಲ್ಕು ಜನ. ಅಮ್ಮನಿಗೆ 71, ಮೊಣಕಾಲು ನೋವು. ಮಗಳಿಗೆ 8, ಕಂಡ ಕಲ್ಲನ್ನೆಲ್ಲ ಜೇಬಿಗೆ ಹಾಕುವ ಚಾಳಿ.

ಕೇಳಬೇಕಾಗಿದ್ದು: ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಯಾವ ಕಡೆಯಿಂದ ಒಳಗೆ ಹೋಗಬೇಕು? ಹೆಚ್ಚು ನಡೆಯದೆ ಅಮ್ಮ ಏನೇನು ನೋಡಬಹುದು? ಆ ನೀಲಿ ಬಣ್ಣ ನಿಜಾನಾ, ಫೋಟೋ ತೆಗೆದವರ ಕೈಚಳಕನಾ?

ಸುಮ್ನೆ ಸುತ್ತಾಟ:
ನಿಮ್ಮ ಭಾವ ಹೇಳಿದ್ದು ಸರಿ. ನಾನು ಐ-40 ಹೆದ್ದಾರಿಯಲ್ಲಿ ಹೋಗುವಾಗ ಎಕ್ಸಿಟ್ 311ರಲ್ಲಿ ಇಳಿದೆ. ನಾಲ್ಕೈದು ಕಡೆ ಕಾರು ನಿಲ್ಲಿಸಿ ನೋಡಿದೆ. ಕೆಂಪು ಬಯಲು, ಚೆನ್ನಾಗಿತ್ತು. ಒಂದೂವರೆ ಗಂಟೆಯಲ್ಲಿ ಮತ್ತೆ ಹೆದ್ದಾರಿಗೆ ಬಂದೆ. ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬಂದವರಿಗೆ ಇದು ಅಷ್ಟೇನೂ ದೊಡ್ಡದು ಅನ್ನಿಸುವುದಿಲ್ಲ. ಸುಮ್ನೆ ಒಂದು ದಿನ ಕಳೆಯಬೇಡಿ.

ಕೆಮ್ಮಣ್ಣು:
@ಸುಮ್ನೆ ಸುತ್ತಾಟ, ನೀವು ನೋಡಿದ್ದು ಪಾರ್ಕಿನ ಉತ್ತರದ ತುದಿ ಮಾತ್ರ. ಅಲ್ಲಿ ನೀಲಿ ಇಲ್ಲವೇ ಇಲ್ಲ!

ನಾನು ನಾಲ್ಕು ಸಲ ಹೋಗಿದ್ದೇನೆ. ಪಾರ್ಕನ್ನು ಹೀಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ 45 ಕಿಲೋಮೀಟರ್ ಉದ್ದದ ಒಂದೇ ಡಾಂಬರು ರಸ್ತೆ. ಉತ್ತರದ ತುದಿಯಲ್ಲಿ ಕೆಂಪು ಪೇಂಟೆಡ್ ಡೆಸರ್ಟ್. ದಕ್ಷಿಣದ ತುದಿಯಲ್ಲಿ ಕಲ್ಲಾದ ಮರಗಳು. ನಡುವೆ ಬ್ಲೂ ಮೆಸಾ ಎಂಬ ಚಪ್ಪಟೆ ತಲೆಯ ಗುಡ್ಡ. ನೀವು ಚಿತ್ರದಲ್ಲಿ ನೋಡಿದ ನೀಲಿ, ನೇರಳೆ ಅಲ್ಲಿಯದು. ಐ-40 ಹೆದ್ದಾರಿ ಪಾರ್ಕನ್ನು ಅಡ್ಡಲಾಗಿ ದಾಟಿ ಹೋಗುತ್ತದೆ, ಆದರೆ ಒಳಗಿನ ರಸ್ತೆಗೆ ಅಲ್ಲಿ ಇಳಿಯುವ ದಾರಿ ಇಲ್ಲ. ಪಾರ್ಕಿನ ರಸ್ತೆ ಹೆದ್ದಾರಿಯ ಮೇಲಿನ ಸೇತುವೆ ದಾಟಿ ದಕ್ಷಿಣಕ್ಕೆ ಹೋಗುತ್ತದೆ. ತುಂಬಾ ಜನ ಆ ಸೇತುವೆಯ ತನಕ ಬಂದು, "ಆಯ್ತು" ಅಂತ ವಾಪಸ್ ತಿರುಗುತ್ತಾರೆ. ಹೀಗೆ ಅರ್ಧಕ್ಕಿಂತ ಜಾಸ್ತಿ ಪಾರ್ಕ್ ನೋಡದೆಯೇ ಉಳಿಯುತ್ತದೆ.

ನೀವು ಪಶ್ಚಿಮದಿಂದ ಪೂರ್ವಕ್ಕೆ ಹೋಗುವವರು. ಮಾಮೂಲಿ ಸಲಹೆ ಏನೆಂದರೆ, ಹಾಲ್‌ಬ್ರೂಕ್ ಊರಿನಲ್ಲಿ ಹೆದ್ದಾರಿ ಬಿಟ್ಟು ಯುಎಸ್ 180 ರಸ್ತೆ ಹಿಡಿದು ದಕ್ಷಿಣದ ಗೇಟಿನಿಂದ ಒಳಗೆ ಹೋಗಿ, ಉತ್ತರದ ಗೇಟಿನಿಂದ ಐ-40ಕ್ಕೆ ಹೊರಗೆ ಬನ್ನಿ. ಹೋದ ದಾರಿಯಲ್ಲಿ ಮತ್ತೆ ಬರುವ ಕೆಲಸ ಇಲ್ಲ. ನಿಂತು ನಿಂತು ನೋಡಿದರೆ ಆರೇಳು ಗಂಟೆ ಬೇಕು.

ಕ್ಯಾಮೆರಾ ಕಣ್ಣು:
ಕೆಮ್ಮಣ್ಣು ಅವರು ಹೇಳಿದ ದಾರಿ ಸರಿ. ಆದರೆ ಒಂದು ತೊಂದರೆ ಇದೆ. ಒಂದೇ ದಿನ ಇಡೀ ಪಾರ್ಕ್ ನೋಡಿದರೆ ಅದರ ಒಳ್ಳೆಯ ಭಾಗ ನಡು ಮಧ್ಯಾಹ್ನಕ್ಕೆ ಬೀಳುತ್ತದೆ.

ಇಲ್ಲಿ ಬಣ್ಣ ಮಣ್ಣಿನಲ್ಲಿದೆ ನಿಜ, ಆದರೆ ಅದನ್ನು ಕಾಣಿಸುವುದು ಬೆಳಕು. ಸೂರ್ಯ ನೆತ್ತಿಯ ಮೇಲಿದ್ದರೆ ಗುಡ್ಡಗಳಿಗೆ ನೆರಳಿಲ್ಲ, ಉಬ್ಬುತಗ್ಗು ಇಲ್ಲ. ಎಲ್ಲ ಒಂದೇ ಮಂಕು ಗುಲಾಬಿ. ಅದೇ ಜಾಗಕ್ಕೆ ಸಂಜೆ ನಾಲ್ಕೂವರೆಗೆ ಬನ್ನಿ, ಪ್ರತಿ ಪಟ್ಟೆಯೂ ಬೇರೆಬೇರೆಯಾಗಿ ಎದ್ದು ನಿಲ್ಲುತ್ತದೆ. "ಚಿತ್ರದಲ್ಲಿದ್ದಂತೆ ಇಲ್ಲ" ಅಂತ ಬೈಯುವವರು ಹೆಚ್ಚಾಗಿ ಹನ್ನೆರಡು ಗಂಟೆಗೆ ಹೋಗಿ ಬಂದವರು.

ಇನ್ನೊಂದು. ಈ ಪಾರ್ಕ್ ಹಗಲು ಮಾತ್ರ ತೆರೆದಿರುತ್ತದೆ. ಬೇಸಿಗೆಯಲ್ಲಿ ಸೂರ್ಯ ಮುಳುಗುವ ಮೊದಲೇ ಗೇಟ್ ಹಾಕುತ್ತಾರೆ. ಅಂದರೆ ಜೂನ್, ಜುಲೈನಲ್ಲಿ ಹೋದವರಿಗೆ ಒಳ್ಳೆಯ ಬೆಳಕೇ ಸಿಗುವುದಿಲ್ಲ. ನಿಮ್ಮ ಅಕ್ಟೋಬರ್ ಕೊನೆ ಅದೃಷ್ಟದ ಕಾಲ. ಸೂರ್ಯ ಐದೂವರೆ ಸುಮಾರಿಗೆ ಮುಳುಗುತ್ತಾನೆ, ಇಳಿ ಬಿಸಿಲು ಪಾರ್ಕ್ ತೆರೆದಿರುವಾಗಲೇ ಸಿಗುತ್ತದೆ. ಮುಚ್ಚುವ ಸಮಯ ಬದಲಾಗಬಹುದು. ಒಳಗೆ ಹೋಗುವಾಗಲೇ ಗೇಟಿನಲ್ಲಿ ಕೇಳಿಕೊಳ್ಳಿ. ಅಷ್ಟು ಹೊತ್ತಿಗೆ ನಿಮ್ಮ ಕಾರು ಗೇಟಿನ ಹತ್ತಿರ ಇರಬೇಕು, ನೋಟದ ಕಟ್ಟೆಯಲ್ಲಲ್ಲ.

ಹಾಗಾಗಿ ನನ್ನ ಸಲಹೆ: ಒಂದು ಪೂರ್ತಿ ದಿನ ಬೇಡ. ಎರಡು ಅರ್ಧ ದಿನ ಮಾಡಿ. ಒಂದು ಕಾರಿಗೆ 25 ಡಾಲರ್ ಟಿಕೆಟ್, ಅದು 7 ದಿನ ನಡೆಯುತ್ತದೆ. ಇದನ್ನು ಯಾರೂ ಬಳಸುವುದೇ ಇಲ್ಲ.

ಮೊದಲ ದಿನ ಗ್ರ್ಯಾಂಡ್ ಕ್ಯಾನ್ಯನ್‌ನಿಂದ ಬೆಳಿಗ್ಗೆ ಹೊರಡಿ. ಫ್ಲ್ಯಾಗ್‌ಸ್ಟಾಫ್ ದಾಟಿ, ಹಾಲ್‌ಬ್ರೂಕನ್ನೂ ದಾಟಿ, ನೇರ ಎಕ್ಸಿಟ್ 311ಕ್ಕೆ ಬನ್ನಿ. ನಿಲ್ಲದೆ ಬಂದರೆ ಮೂರೂವರೆ ಗಂಟೆ. ಮಧ್ಯಾಹ್ನ ಎರಡೂವರೆಗೆ ಅಲ್ಲಿದ್ದರೆ ಸಂಜೆಯ ತನಕ ಕೆಂಪು ಭಾಗ ನಿಮ್ಮದು. ರಾತ್ರಿ 40 ಕಿಲೋಮೀಟರ್ ಹಿಂದೆ ಬಂದು ಹಾಲ್‌ಬ್ರೂಕ್‌ನಲ್ಲಿ ಮಲಗಿ. ಮರುದಿನ ಗೇಟ್ ತೆರೆಯುವ ಹೊತ್ತಿಗೆ ದಕ್ಷಿಣದ ಬಾಗಿಲಿಗೆ ಹೋಗಿ. ಮರಗಳನ್ನು ಬೇಗ ನೋಡಿ, ಹತ್ತು ಗಂಟೆಯ ಒಳಗೆ ಬ್ಲೂ ಮೆಸಾ. ಮಧ್ಯಾಹ್ನ ಉತ್ತರದ ಗೇಟಿನಿಂದ ಅಲ್ಬುಕರ್ಕಿಗೆ.

ಅರ್ಧದಾರಿ:
ಇದು ನನಗೆ ಹೊಳೆದೇ ಇರಲಿಲ್ಲ! ಆದರೆ 40 ಕಿಲೋಮೀಟರ್ ಹಿಂದೆ ಬರಬೇಕಲ್ವಾ? ಪಾರ್ಕಿನ ಒಳಗೇ ಉಳಿಯುವುದಕ್ಕೆ ಆಗುವುದಿಲ್ಲವಾ? ಪೇಂಟೆಡ್ ಡೆಸರ್ಟ್ ಇನ್ ಅಂತ ಒಂದು ಹೆಸರು ನಕ್ಷೆಯಲ್ಲಿ ಕಾಣುತ್ತಿದೆ.

ಕೆಮ್ಮಣ್ಣು:
ಆ ಹೆಸರಿಗೆ ಮೋಸಹೋಗುವವರು ತುಂಬಾ ಜನ 😀 ಅದು ಈಗ ಮ್ಯೂಸಿಯಂ. ಕೋಣೆ ಕೊಡುವುದಿಲ್ಲ. ಪಾರ್ಕಿನೊಳಗೆ ಹೋಟೆಲ್ ಇಲ್ಲ, ಕಾರು ನಿಲ್ಲಿಸಿ ಟೆಂಟ್ ಹಾಕುವ ಕ್ಯಾಂಪ್‌ಗ್ರೌಂಡೂ ಇಲ್ಲ. ಆದರೆ ಆ ಕಟ್ಟಡ ತಪ್ಪಿಸಬೇಡಿ. 1920ರ ದಶಕದಲ್ಲಿ ಕಲ್ಲುಮರದ ತುಂಡುಗಳಿಂದಲೇ ಕಟ್ಟಿದ್ದ ಮನೆ ಅದು. ಕೆಳಗಿನ ಜೇಡಿಮಣ್ಣು ಹಿಗ್ಗಿ ಕುಗ್ಗಿ ಗೋಡೆಗಳೆಲ್ಲ ಬಿರುಕು ಬಿಟ್ಟವು. 1930ರ ದಶಕದ ಕೊನೆಯಲ್ಲಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ (ನಿರುದ್ಯೋಗಿ ಯುವಕರಿಗೆ ಸರ್ಕಾರ ಕೆಲಸ ಕೊಟ್ಟ ಯೋಜನೆ) ಹುಡುಗರು ಪೂರ್ತಿ ಹೊಸದಾಗಿ ಕಟ್ಟಿದರು. ಒಳಗೆ ಹೋಪಿ ಬುಡಕಟ್ಟಿನ ಕಲಾವಿದ ಫ್ರೆಡ್ ಕಬೋಟಿ ಬರೆದ ಗೋಡೆ ಚಿತ್ರಗಳಿವೆ. ಅಮ್ಮನಿಗೆ ಕೂತು ನೋಡುವುದಕ್ಕೆ ಒಳ್ಳೆಯ ಜಾಗ. ಹಿಂಬದಿಗೆ ಬಂದರೆ ಕಚೀನಾ ಪಾಯಿಂಟ್, ಇಡೀ ಕೆಂಪು ಬಯಲು ಎದುರಿಗೇ.

ಒಳಗೆ ರಾತ್ರಿ ಕಳೆಯಲೇಬೇಕು ಅಂದರೆ ಬೆನ್ನಿಗೆ ಚೀಲ ಹಾಕಿಕೊಂಡು ಕಾಡುಬಯಲಿಗೆ ನಡೆದು ಹೋಗಬೇಕು. ಉಚಿತ ಪರ್ಮಿಟ್ ಕೊಡುತ್ತಾರೆ, ಖುದ್ದಾಗಿ ಹೋಗಿ ಪಡೆಯಬೇಕು. ನೀರು ಪೂರ್ತಿ ಹೊತ್ತುಕೊಂಡೇ ಹೋಗಬೇಕು, ಬೆಂಕಿ ಹಾಕುವಂತಿಲ್ಲ. ಅಮ್ಮ, ಮಗಳ ಜೊತೆ ಈ ಸಲ ಬೇಡ.

ಪದರ:
ಬಣ್ಣ ನಿಜಾನಾ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ನಿಜ. ಪೂರ್ತಿ ನಿಜ. ಇದು ಚಿನ್ಲಿ ಫಾರ್ಮೇಶನ್ ಎನ್ನುವ ಪದರ, ಟ್ರಯಾಸಿಕ್ ಕಾಲದ ಕೊನೆಯದು. ಸುಮಾರು 22 ಕೋಟಿ ವರ್ಷ ಹಳೆಯದು. ಆಗ ಭೂಮಿಯ ಖಂಡಗಳೆಲ್ಲ ಒಟ್ಟಿಗೆ ಅಂಟಿಕೊಂಡಿದ್ದವು. ಈ ಜಾಗ ಭೂಮಧ್ಯರೇಖೆಗೆ ಹತ್ತಿರ ಇತ್ತು. ಮರಳುಗಾಡು ಅಲ್ಲ, ದೊಡ್ಡ ದೊಡ್ಡ ನದಿಗಳು, ಜೌಗು, ಎತ್ತರದ ಮರಗಳು. ಮೊಸಳೆಯಂತೆ ಕಾಣುವ ಫೈಟೋಸಾರ್ ಎಂಬ ಪ್ರಾಣಿಗಳು. ನದಿಗಳು ತಂದು ಹಾಸಿದ ಮಣ್ಣೇ ಈ ಪಟ್ಟೆಗಳು.

ಎಲ್ಲ ಬಣ್ಣಕ್ಕೂ ಮುಖ್ಯ ಕಾರಣ ಕಬ್ಬಿಣ. ಮಣ್ಣು ಒಣಗಿ, ಗಾಳಿ ಸಿಕ್ಕು, ನಿಧಾನಕ್ಕೆ ಸೇರಿದ ಕಡೆ ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು. ನೀರು ನಿಂತು, ಆಮ್ಲಜನಕ ಕಡಿಮೆ ಇದ್ದ ಕಡೆ ಅದೇ ಕಬ್ಬಿಣ ನೀಲಿ, ಬೂದು, ಹಸಿರು ಛಾಯೆ ಕೊಟ್ಟಿತು. ಅಂದರೆ ಒಂದೊಂದು ಪಟ್ಟೆಯೂ ಆ ಕಾಲದಲ್ಲಿ ನೆಲ ಎಷ್ಟು ಒದ್ದೆ ಇತ್ತು ಅನ್ನುವುದರ ಲೆಕ್ಕ. ಬ್ಲೂ ಮೆಸಾದಲ್ಲಿ ನಿಂತರೆ ನೀವು ಒಂದು ಒದ್ದೆ ಕಾಲವನ್ನು ನೋಡುತ್ತಿದ್ದೀರಿ.

ಗುಡ್ಡಗಳ ಆಕಾರಕ್ಕೆ ಕಾರಣ ಬೇರೆ. ಈ ಮಣ್ಣಿನಲ್ಲಿ ಜ್ವಾಲಾಮುಖಿಯ ಬೂದಿಯಿಂದ ಬಂದ ಬೆಂಟೊನೈಟ್ ಎಂಬ ಜೇಡಿ ತುಂಬಾ ಇದೆ. ನೀರು ಬಿದ್ದರೆ ಊದಿಕೊಳ್ಳುತ್ತದೆ. ಒಣಗಿದರೆ ಬಿರಿದು ಪಾಪ್‌ಕಾರ್ನ್ ಹಾಗೆ ಆಗುತ್ತದೆ. ಹತ್ತಿರ ಹೋಗಿ ನೋಡಿ, ಗುಡ್ಡದ ಮೈ ಪೂರ್ತಿ ಪಾಪ್‌ಕಾರ್ನ್. ಹೀಗೆ ಉಬ್ಬಿ ಇಳಿಯುವ ನೆಲದಲ್ಲಿ ಗಿಡ ಬೇರು ಬಿಡುವುದು ಕಷ್ಟ. ಗಿಡ ಇಲ್ಲದ್ದಕ್ಕೆ ಮಳೆ ನೇರ ಮಣ್ಣನ್ನು ಕೊಚ್ಚುತ್ತದೆ. ಕೊರಕಲು ಬೀಳುತ್ತದೆ, ಹೊಸ ಬಣ್ಣ ಹೊರಗೆ ಬರುತ್ತದೆ. ಅದಕ್ಕೇ ಇಂಥ ಜಾಗಗಳಿಗೆ ಬ್ಯಾಡ್‌ಲ್ಯಾಂಡ್ಸ್ ಎಂಬ ಹೆಸರು. ಉಳುವವನಿಗೆ, ನಡೆಯುವವನಿಗೆ ಕೆಟ್ಟ ನೆಲ.

ಸಣ್ಣ ತಿದ್ದುಪಡಿ: ಪೇಂಟೆಡ್ ಡೆಸರ್ಟ್ ಅನ್ನುವುದು ಪಾರ್ಕಿಗಿಂತ ತುಂಬಾ ದೊಡ್ಡದು. ಗ್ರ್ಯಾಂಡ್ ಕ್ಯಾನ್ಯನ್‌ನ ಪೂರ್ವ ತುದಿಯಿಂದ ಇಲ್ಲಿಯ ತನಕ ಹಬ್ಬಿದೆ. ಅದರ ಹೆಚ್ಚು ಭಾಗ ನವಾಹೊ ನೇಷನ್‌ನ ನೆಲ, ಅಂದರೆ ನವಾಹೊ ಬುಡಕಟ್ಟಿನವರೇ ಆಳುವ ಪ್ರದೇಶ. ಅಲ್ಲಿ ರಸ್ತೆ ಬಿಟ್ಟು ಒಳಗೆ ನಡೆಯಬೇಕಾದರೆ ಅವರ ಪರ್ಮಿಟ್ ಬೇಕು. ಪಾರ್ಕಿನಲ್ಲಿರುವುದು ಒಂದು ಮೂಲೆ ಮಾತ್ರ.

ಸುಮ್ನೆ ಸುತ್ತಾಟ:
ಪಾಪ್‌ಕಾರ್ನ್ ಮಾತು ಚೆನ್ನಾಗಿದೆ. ಆದರೆ ಎರಡು ದಿನ ಕೊಡುವುದಾದರೆ ನಾನು ನ್ಯೂ ಮೆಕ್ಸಿಕೊದ ಬಿಸ್ಟಿ ಎಂಬ ಬ್ಯಾಡ್‌ಲ್ಯಾಂಡ್ಸ್‌ಗೆ ಹೋಗುತ್ತೇನೆ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಸಂಜೆ ಹೊರಗೆ ಹಾಕುವವರಿಲ್ಲ. ಅಲ್ಬುಕರ್ಕಿಗೆ ಹೋಗುವವರಿಗೆ ತೀರಾ ದೂರವೂ ಅಲ್ಲ.

ಎರಡನೇ ಗೇರ್:
ಬಿಸ್ಟಿ ನನಗೂ ಇಷ್ಟ. ಆದರೆ 71 ವರ್ಷದ ಅಮ್ಮನ ಜೊತೆ? ಅಲ್ಲಿ ಗುರುತು ಹಾಕಿದ ದಾರಿ ಇಲ್ಲ, ನೀರಿಲ್ಲ, ನೆರಳಿಲ್ಲ. ವಿಚಿತ್ರ ಕಲ್ಲುಗಳಿರುವ ಜಾಗಕ್ಕೆ ಮೈಲಿಗಟ್ಟಲೆ ನಡೆಯಬೇಕು. ಬಣ್ಣವೂ ಹೆಚ್ಚಾಗಿ ಬೂದು, ಕಂದು. ಆಕಾರ ನೋಡುವುದಕ್ಕೆ ಬಿಸ್ಟಿ, ಬಣ್ಣಕ್ಕೆ ಇದು.

ನನ್ನ ಬಿಸ್ಟಿ ಕಥೆ ಕೇಳಿ. ಕಚ್ಚಾ ರಸ್ತೆಯಲ್ಲಿ ಬಾಡಿಗೆ ಕಾರಿನ ಟೈರ್ ಸೀಳಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ! ಗಾಳಿ ತುಂಬುವ ಒಂದು ಪುಟ್ಟ ಡಬ್ಬ ಮಾತ್ರ. ಸೀಳಿದ ಟೈರಿಗೆ ಅದರಿಂದ ಏನು ಉಪಯೋಗ? ಬಾಡಿಗೆ ಕಂಪನಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಮೂರು ಗಂಟೆ ಕೂತ ಮೇಲೆ ಒಂದು ಪಿಕಪ್ ಬಂತು. ಕಾರು ತೆಗೆದುಕೊಳ್ಳುವಾಗ ಡಿಕ್ಕಿ ತೆಗೆದು ನೋಡಿ, ಎಲ್ಲಿಗೆ ಹೋದರೂ.

ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ ಈ ಗೋಳು ಇಲ್ಲ, ಪೂರ್ತಿ ಒಳ್ಳೆಯ ರಸ್ತೆ. ಆದರೆ ಅಲ್ಲಿ ಇನ್ನೊಂದು ತಮಾಷೆ ಇದೆ, ಗಡಿಯಾರದ್ದು. ಅರಿಜೋನಾದಲ್ಲಿ ಬೇಸಿಗೆಗೆ ಅಂತ ಗಡಿಯಾರ ಮುಂದೆ ತಿರುಗಿಸುವುದಿಲ್ಲ. ಪಕ್ಕದ ನವಾಹೊ ನೇಷನ್‌ನಲ್ಲಿ ತಿರುಗಿಸುತ್ತಾರೆ. ನ್ಯೂ ಮೆಕ್ಸಿಕೊದಲ್ಲೂ ತಿರುಗಿಸುತ್ತಾರೆ. ಹಾಗಾಗಿ ಅಕ್ಟೋಬರ್‌ನಲ್ಲಿ ಒಂದು ಗಂಟೆ ವ್ಯತ್ಯಾಸ. ಪಾರ್ಕಿನಲ್ಲಿ ನನ್ನ ಫೋನ್ ಯಾವುದೋ ಟವರ್ ಹಿಡಿದು ಒಂದು ಗಂಟೆ ಮುಂದೆ ಹೋಗಿತ್ತು. ಗೇಟ್ ಹಾಕಿಬಿಡುತ್ತಾರೆ ಅಂತ ಬ್ಲೂ ಮೆಸಾದಿಂದ ಎದ್ದುಬಿದ್ದು ಓಡಿ ಬಂದೆ. ರೇಂಜರ್ ನನ್ನ ಮುಖ ನೋಡಿ, ಗೋಡೆಯ ಗಡಿಯಾರ ತೋರಿಸಿದರು. ಇನ್ನೂ ಒಂದು ಗಂಟೆ ಬಾಕಿ ಇತ್ತು. ಕೈಗಡಿಯಾರ ಕಟ್ಟಿಕೊಂಡು ಹೋಗಿ. ಅಲ್ಬುಕರ್ಕಿಗೆ ಹೊರಟಾಗ ಒಂದು ಗಂಟೆ ಕಳೆದುಕೊಳ್ಳುತ್ತೀರಿ, ಅದನ್ನೂ ಲೆಕ್ಕ ಹಾಕಿ.

ಪೆಟ್ರೋಲ್ ಹಾಲ್‌ಬ್ರೂಕ್‌ನಲ್ಲೇ ತುಂಬಿಸಿ. ನೀರಿನ ಬಾಟಲಿ, ತಿನ್ನುವುದು ಏನಾದರೂ ಕಾರಿನಲ್ಲಿ ಇರಲಿ. ದಕ್ಷಿಣದ ಕಡೆ ಸರಿಯಾದ ಊಟ ಸಿಗುವುದಿಲ್ಲ.

ಅರ್ಧದಾರಿ:
ತುಂಬಾ ಉಪಕಾರ ಆಯ್ತು. ಎರಡು ಅರ್ಧ ದಿನದ ಯೋಜನೆಯೇ ಗಟ್ಟಿ. ಮನೆಯಲ್ಲೂ ಒಪ್ಪಿದರು. ಭಾವನಿಗೆ ಇನ್ನೂ ಹೇಳಿಲ್ಲ.

ಈಗ ಅಮ್ಮನ ವಿಷಯ. ಬ್ಲೂ ಮೆಸಾ ಕಡಿದಾದ ಇಳಿಜಾರು ಅಂತ ಕೇಳಿದೆ. ಮತ್ತೆ ಮಗಳ ಕಲ್ಲಿನ ಜೇಬು?

ಕೆಮ್ಮಣ್ಣು:
ಅಮ್ಮನಿಗೆ ಈ ಪಾರ್ಕ್ ಗ್ರ್ಯಾಂಡ್ ಕ್ಯಾನ್ಯನ್‌ಗಿಂತ ಸುಲಭ. ಉತ್ತರದ ಭಾಗದಲ್ಲಿ ಕಾರು ನಿಲ್ಲಿಸಿ ಹತ್ತು ಹೆಜ್ಜೆ ಇಟ್ಟರೆ ನೋಟದ ಕಟ್ಟೆ. ಅಂಥವು ಸಾಲಾಗಿ ಇವೆ. ಎಲ್ಲದರಲ್ಲೂ ಇಳಿಯಬೇಡಿ, ಮೂರನೆಯದಕ್ಕೆ ಮಕ್ಕಳು ಬೇಜಾರು ಮಾಡುತ್ತಾರೆ. ಟಾವಾ ಪಾಯಿಂಟ್, ಕಚೀನಾ ಪಾಯಿಂಟ್ ಎರಡು ಸಾಕು. ಅವೆರಡರ ನಡುವೆ ಅಂಚಿನ ಮೇಲೆ ಸುಮಾರು 800 ಮೀಟರ್ ಕಾಲುದಾರಿ ಇದೆ. ನೀವು, ಮಗಳು ನಡೆಯಿರಿ. ಅಮ್ಮನನ್ನು ಕಾರಿನಲ್ಲಿ ಇನ್ನೊಂದು ತುದಿಗೆ ಕರೆತನ್ನಿ.

ಬ್ಲೂ ಮೆಸಾದಲ್ಲಿ ಎರಡು ಇದೆ. ಮೇಲೆ 5 ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿಯ ಸುತ್ತು ರಸ್ತೆ, ಅದರಲ್ಲಿ ನೋಟದ ಕಟ್ಟೆಗಳು. ಅಮ್ಮ ಅಲ್ಲಿಂದಲೇ ಎಲ್ಲ ನೋಡಬಹುದು. ಕೆಳಗೆ ಇಳಿಯುವುದು 1.6 ಕಿಲೋಮೀಟರ್ ಸುತ್ತು ಕಾಲುದಾರಿ. ಶುರುವಿನ ಇಳಿಜಾರು ಮಾತ್ರ ಜೋರು. ಕೆಳಗೆ ಹೋದರೆ ನೀಲಿ ಗುಡ್ಡಗಳು ನಿಮ್ಮ ಎರಡೂ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಇಡೀ ಪಾರ್ಕಿನಲ್ಲಿ ಒಂದೇ ಒಂದು ಕಡೆ ನಡೆಯುವುದಾದರೆ ಇಲ್ಲಿ ನಡೆಯಿರಿ. ನೆನಪಿರಲಿ, ಪಾರ್ಕ್ ಇರುವುದು 1,600ರಿಂದ 1,900 ಮೀಟರ್ ಎತ್ತರದಲ್ಲಿ. ವಾಪಸ್ ಹತ್ತುವಾಗ ಉಸಿರು ಕಟ್ಟುತ್ತದೆ, ನಿಧಾನಕ್ಕೆ ಹತ್ತಿ.

ಮಳೆ ಬಂದರೆ ಡಾಂಬರು, ಕಾಂಕ್ರೀಟ್ ಬಿಟ್ಟು ಕಾಲಿಡಬೇಡಿ. ಪದರ ಅವರು ಹೇಳಿದ ಆ ಬೆಂಟೊನೈಟ್ ಒದ್ದೆಯಾದರೆ ಬೆಣ್ಣೆ. ಮೂರನೇ ಸಲ ಹೋದಾಗ ಕಚೀನಾ ಪಾಯಿಂಟ್‌ನಿಂದ ಬಯಲಿಗೆ ಇಳಿದಿದ್ದೆ. ಮಧ್ಯಾಹ್ನ ಹತ್ತು ನಿಮಿಷ ಮಳೆ. ಬರುವಾಗ ಪ್ರತಿ ಹೆಜ್ಜೆಗೂ ಬೂಟಿಗೆ ಒಂದು ಸೇರು ಮಣ್ಣು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತಿತ್ತು. ಕೊನೆಗೆ ಕೈ ಊರಿಕೊಂಡು ಮೇಲೆ ಬಂದೆ. ಆ ಪ್ಯಾಂಟಿನ ಕೆಂಪು ಇನ್ನೂ ಹೋಗಿಲ್ಲ, ಈ ಹೆಸರು ಇಟ್ಟುಕೊಂಡಿದ್ದೂ ಅದರ ನೆನಪಿಗೇ.

ಪದರ:
ಕಲ್ಲಿನ ಜೇಬಿನ ವಿಷಯ ನನಗೆ ಬಿಡಿ.

ಒಂದು ಚೂರೂ ಎತ್ತಿಕೊಳ್ಳುವಂತಿಲ್ಲ. ಚಿಕ್ಕ ಹರಳೂ ಇಲ್ಲ. ಕಾನೂನು, ದಂಡ ಇದೆ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇದನ್ನು ರಾಷ್ಟ್ರೀಯ ಸ್ಮಾರಕ ಮಾಡಿದ್ದೇ ಜನ ಈ ಕಲ್ಲುಮರಗಳನ್ನು ಗಾಡಿಗಟ್ಟಲೆ ಹೊತ್ತುಕೊಂಡು ಹೋಗುತ್ತಿದ್ದರು ಅಂತ. 1962ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು.

ಕದ್ದವರಿಗೆ ಕೇಡಾಗುತ್ತದೆ ಅನ್ನುವ ನಂಬಿಕೆ ಬೇರೆ ಹುಟ್ಟಿಕೊಂಡಿದೆ. ವರ್ಷಗಳ ನಂತರ ಕಲ್ಲನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಜೊತೆಗೆ ಕ್ಷಮೆ ಕೇಳುವ ಪತ್ರ, ಕೆಲಸ ಹೋಯಿತು, ಮದುವೆ ಮುರಿಯಿತು ಅಂತ. ಪಾಪ, ಆ ಕಲ್ಲುಗಳನ್ನು ವಾಪಸ್ ಇಡುವುದಕ್ಕೂ ಆಗುವುದಿಲ್ಲ. ಎಲ್ಲಿಂದ ಎತ್ತಿದ್ದು ಅಂತ ಗೊತ್ತಿಲ್ಲದ ಕಲ್ಲನ್ನು ಎಲ್ಲೋ ಇಟ್ಟರೆ ಮುಂದೆ ಅಧ್ಯಯನ ಮಾಡುವವರು ದಾರಿ ತಪ್ಪುತ್ತಾರೆ. ಅದಕ್ಕೆ ಅವನ್ನೆಲ್ಲ ಒಂದು ಕಡೆ ರಾಶಿ ಹಾಕಿದ್ದಾರೆ. ಪಶ್ಚಾತ್ತಾಪದ ರಾಶಿ!

ಇನ್ನೂ ಒಂದು ಮಜಾ ಇದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು ಇಲ್ಲಿ ಒಂದು ಪ್ರಯೋಗ ಮಾಡಿದರು. ದಾರಿಯಲ್ಲಿ ಗುರುತು ಹಾಕಿದ ಕಲ್ಲುಮರದ ಚೂರುಗಳನ್ನು ಇಟ್ಟರು. "ಹಿಂದೆ ಬಂದವರು ತುಂಬಾ ಜನ ಕದ್ದಿದ್ದಾರೆ, ಕಾಡೇ ಬದಲಾಗುತ್ತಿದೆ" ಎಂಬ ಅರ್ಥದ ಬೋರ್ಡ್ ಇಟ್ಟಾಗ ಶೇಕಡಾ 8ರಷ್ಟು ಚೂರು ಹೋದವು. "ದಯವಿಟ್ಟು ತೆಗೆಯಬೇಡಿ" ಅಂತ ಇಟ್ಟಾಗ ಶೇಕಡಾ 2ಕ್ಕಿಂತ ಕಡಿಮೆ. ಎಲ್ಲರೂ ಕದಿಯುತ್ತಾರೆ ಅಂತ ಹೇಳಿದರೆ ಕದಿಯುವುದಕ್ಕೆ ಧೈರ್ಯ ಬರುತ್ತದೆ, ಅಲ್ವಾ? ಮಗಳಿಗೂ ಬೈದು ಹೇಳಬೇಡಿ, ಸುಮ್ಮನೆ ಹೇಳಿ.

ಅವಳಿಗೆ ಕಲ್ಲು ಬೇಕೇಬೇಕು ಅಂದರೆ ಹಾಲ್‌ಬ್ರೂಕ್‌ನಲ್ಲಿ ಅಂಗಡಿಗಳಿವೆ. ಪಾರ್ಕಿನ ಹೊರಗಿನ ಖಾಸಗಿ ಜಮೀನಿನಿಂದ ತೆಗೆದದ್ದು, ಕಾನೂನಿನ ಪ್ರಕಾರವೇ ಮಾರುತ್ತಾರೆ. ಬಿಲ್ ಇಟ್ಟುಕೊಳ್ಳಿ. ಮತ್ತೆ ಜೂನಿಯರ್ ರೇಂಜರ್ ಪುಸ್ತಕ ಕೇಳಿ ಪಡೆಯಿರಿ. ಅದರಲ್ಲಿನ ಕೆಲಸ ಮುಗಿಸಿದರೆ ಬ್ಯಾಡ್ಜ್ ಕೊಡುತ್ತಾರೆ.

ಅರ್ಧದಾರಿ:
ಮರ ಕಲ್ಲಾಗುವುದು ಹೇಗೆ ಅಂತ ಅವಳು ಈಗಲೇ ಕೇಳುತ್ತಿದ್ದಾಳೆ. 8 ವರ್ಷದವಳಿಗೆ ಹೇಳುವ ಹಾಗೆ ಹೇಳಿ.

ಪದರ:
ನದಿಯಲ್ಲಿ ಮರ ತೇಲಿ ಬಂತು. ಮಣ್ಣಿನ ಕೆಳಗೆ ಹೂತು ಹೋಯಿತು. ಗಾಳಿ ಸಿಗಲಿಲ್ಲ, ಹಾಗಾಗಿ ಬೇಗ ಕೊಳೆಯಲಿಲ್ಲ. ಬೂದಿ ಕರಗಿದ ನೀರು ಮರದೊಳಗೆ ಇಳಿಯಿತು. ಆ ನೀರಿನಲ್ಲಿ ಗಾಜಿಗೆ ಬೇಕಾಗುವ ಸಿಲಿಕಾ ಇತ್ತು. ಅದು ಮರದ ಸಂದುಸಂದಿನಲ್ಲಿ ಹರಳಾಗಿ ಕೂತಿತು. ಮರ ಹೋಯಿತು, ಮರದ ಆಕಾರದ ಕಲ್ಲು ಉಳಿಯಿತು. ಒಳಗೆ ಬಂದ ಕಬ್ಬಿಣ, ಮ್ಯಾಂಗನೀಸ್ ಅದಕ್ಕೆ ಬಣ್ಣ ಹಚ್ಚಿದವು.

ದಿಮ್ಮಿಗಳು ಗರಗಸದಲ್ಲಿ ಕೊಯ್ದ ಹಾಗೆ ತುಂಡಾಗಿರುತ್ತವೆ. ಯಾರು ಕೊಯ್ದರು ಅಂತ ಅವಳನ್ನೇ ಕೇಳಿ. ಯಾರೂ ಅಲ್ಲ. ಈ ಕಲ್ಲು ಗಟ್ಟಿ, ಆದರೆ ಗಾಜಿನ ಹಾಗೆ ಪೆಡಸು. ನೆಲ ಮೇಲೆದ್ದಾಗ, ಅಲುಗಿದಾಗ ಬಳಪದಂತೆ ಲಟಕ್ಕನೆ ಮುರಿಯಿತು.

ಕ್ಯಾಮೆರಾ ಕಣ್ಣು:
ದಕ್ಷಿಣದಲ್ಲಿ ಜಯಂಟ್ ಲಾಗ್ಸ್ ದಾರಿ ಮಾತ್ರ ಮಾಡಿ. ದಕ್ಷಿಣದ ಕಡೆಯ ಮ್ಯೂಸಿಯಂ ಹಿಂದೆಯೇ ಇದೆ, 650 ಮೀಟರ್ ಸುತ್ತು. ಓಲ್ಡ್ ಫೇತ್‌ಫುಲ್ ಎಂಬ ದಿಮ್ಮಿಯ ಬುಡ ಸುಮಾರು 3 ಮೀಟರ್ ಅಗಲ. ಅಲ್ಲಿ ಮೆಟ್ಟಿಲುಗಳಿವೆ, ಅಮ್ಮ ಬೇಕಾದರೆ ಕ್ರಿಸ್ಟಲ್ ಫಾರೆಸ್ಟ್ ದಾರಿಯಲ್ಲಿ ಸ್ವಲ್ಪ ದೂರ ನಡೆಯಲಿ. ಆಮೇಲೆ ಬ್ಲೂ ಮೆಸಾ. ಅಲ್ಲಿಂದ ಮೇಲೆ ನ್ಯೂಸ್‌ಪೇಪರ್ ರಾಕ್ ಬಂಡೆಗಳು, ಪುವರ್ಕೊ ಪುವೆಬ್ಲೊ ಎಂಬ ಹಳೆಯ ಊರಿನ ಅವಶೇಷ. ಬಂಡೆಯ ಮೇಲೆ ಹಳಬರು ಕೆತ್ತಿದ ಚಿತ್ರಗಳು ನೂರಾರು.

ಮೋಡ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಕೆಂಪಿಗೆ ಬಿಸಿಲು ಬೇಕು, ನೀಲಿಗೆ ಮೋಡವೇ ಒಳ್ಳೆಯದು. ಡ್ರೋನ್ ತರಬೇಡಿ, ನಿಷೇಧ ಇದೆ.

ಅರ್ಧದಾರಿ:
ಹೋಗಿ ಬಂದೆವು! ಎಲ್ಲರೂ ಅಷ್ಟು ಹೇಳಿಕೊಟ್ಟಿರಿ, ಏನಾಯಿತು ಅಂತ ಬರೆಯದಿದ್ದರೆ ತಪ್ಪಾಗುತ್ತದೆ.

ಮೊದಲ ದಿನ ಎರಡೂವರೆ ಅಂದುಕೊಂಡಿದ್ದು ಮೂರೂಕಾಲು ಆಯಿತು. ಉಲ್ಕೆ ಬಿದ್ದ ಕುಳಿ ಮೀಟಿಯರ್ ಕ್ರೇಟರ್‌ನ ಬೋರ್ಡ್ ನೋಡಿ ಮಗಳು ಹಟ ಹಿಡಿದಳು, ಅಲ್ಲಿ ಹೊತ್ತು ಹೋಯಿತು. ನಾವು ಬಂದಾಗ ಪೇಂಟೆಡ್ ಡೆಸರ್ಟ್ ನಿಜ ಹೇಳಬೇಕೆಂದರೆ ಸಪ್ಪೆ. ಮಾಸಿದ ಇಟ್ಟಿಗೆ ಪುಡಿ ಚೆಲ್ಲಿದ ಹಾಗೆ. ಭಾವನೇ ಸರಿ ಏನೋ ಅನ್ನಿಸಿತು. ಅಮ್ಮನನ್ನು ಕಚೀನಾ ಪಾಯಿಂಟ್‌ನ ಕಟ್ಟೆಯ ಮೇಲೆ ಕೂರಿಸಿ ನಾವು ಅಂಚಿನ ದಾರಿಯಲ್ಲಿ ನಡೆದೆವು. ವಾಪಸ್ ಬಂದಾಗ ನಾಲ್ಕೂ ಮುಕ್ಕಾಲು. ಅಮ್ಮ ನಮ್ಮ ಕಡೆ ತಿರುಗಲೂ ಇಲ್ಲ. "ಇಲ್ಲಿ ಬಾ, ಆ ಮೂರನೇ ಗುಡ್ಡ ಈಗಷ್ಟೇ ಬಣ್ಣ ಬದಲಾಯಿಸಿತು" ಅಂದರು. ಒಂದು ಗಂಟೆ ಒಂದೇ ಕಡೆ ಕೂತು ಯಾವ ಗುಡ್ಡ ಯಾವಾಗ ಏನಾಯಿತು ಅಂತ ಲೆಕ್ಕ ಇಟ್ಟಿದ್ದರು. ನಾವು ನಡೆದು ನೋಡಿದ್ದಕ್ಕಿಂತ ಅವರು ಕೂತು ನೋಡಿದ್ದೇ ಜಾಸ್ತಿ.

ಬೆಳಿಗ್ಗೆ ದಕ್ಷಿಣದಲ್ಲಿ ಚಳಿ, ಗಾಳಿ. ಟೋಪಿ ಹಾರಿ ಹೋಯಿತು. ಬ್ಲೂ ಮೆಸಾಗೆ ಒಂಬತ್ತೂಮುಕ್ಕಾಲಿಗೆ ಇದ್ದೆವು, ತೆಳು ಮೋಡ. ಅಮ್ಮ ಮೇಲಿನಿಂದ ನೋಡುತ್ತೇನೆ ಅಂದವರು ಇಳಿಜಾರಿನ ಅರ್ಧ ತನಕ ಇಳಿದೇಬಿಟ್ಟರು. ಹತ್ತುವಾಗ ನಾಲ್ಕು ಕಡೆ ನಿಂತೆವು. ಕೆಳಗೆ ನಾವು ಮೂವರನ್ನು ಬಿಟ್ಟರೆ ಯಾರೂ ಇಲ್ಲ. ನೀಲಿ ಅಂದರೆ ಆಕಾಶದ ನೀಲಿ ಅಲ್ಲ, ಬೂದಿಯಲ್ಲಿ ಅದ್ದಿದ ನೀಲಿ. ಫೋನಿನ ಚಿತ್ರದಲ್ಲಿ ಅರ್ಧವೂ ಬಂದಿಲ್ಲ.

ಮಗಳ ಕಥೆ ಬೇರೆ. ಹೊರಗೆ ಬರುವಾಗ ಜೇಬಿನಲ್ಲಿ ಒಂದು ಕಲ್ಲು ಸಿಕ್ಕಿ ಅಳು ಶುರು. ಅದು ಫ್ಲ್ಯಾಗ್‌ಸ್ಟಾಫ್‌ನ ಹೋಟೆಲ್ ಪಾರ್ಕಿಂಗ್‌ನಲ್ಲಿ ಎತ್ತಿಕೊಂಡ ಜಲ್ಲಿ! ಎಷ್ಟು ಹೇಳಿದರೂ ಕೇಳಲಿಲ್ಲ, ರೇಂಜರ್‌ಗೆ ತೋರಿಸಿಯೇ ತೋರಿಸಿದಳು. ಅವರು ಅದನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ಪರೀಕ್ಷೆ ಮಾಡಿ, "ಇದು ನಮ್ಮದಲ್ಲ" ಅಂತ ವಾಪಸ್ ಕೊಟ್ಟರು. ಬ್ಯಾಡ್ಜ್ ಸಿಕ್ಕಿತು.

ಕೈಗಡಿಯಾರ ಕಟ್ಟಿಕೊಂಡಿದ್ದು ಒಳ್ಳೆಯದಾಯಿತು. ನನ್ನ ಫೋನ್, ಇವರ ಫೋನ್ ಎರಡೂ ಬೇರೆಬೇರೆ ಸಮಯ ತೋರಿಸುತ್ತಿದ್ದವು.

ಎರಡನೇ ಗೇರ್:
ಡಿಕ್ಕಿ ನೋಡಿದ್ರಾ?

ಅರ್ಧದಾರಿ:
ನೋಡಿದೆ. ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ. ಹೇಳಿ ಹಾಕಿಸಿಕೊಂಡೆ.

ಸುಮ್ನೆ ಸುತ್ತಾಟ:
ಎರಡು ಗಂಟೆ ಸಾಕು ಅಂದಿದ್ದು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಡಿಸೆಂಬರ್‌ನಲ್ಲಿ ಮತ್ತೆ ಆ ಕಡೆ ಹೋಗುವುದಿದೆ. ಆ ಬ್ಲೂ ಮೆಸಾಗೆ ತಿರುಗುವ ದಾರಿ ಎಲ್ಲಿ ಬರುತ್ತದೆ?

ಕೆಮ್ಮಣ್ಣು:
ಉತ್ತರದಿಂದ ಬಂದರೆ ಹೆದ್ದಾರಿಯ ಸೇತುವೆ ದಾಟಿ, ರೈಲು ಹಳಿ ದಾಟಿ, ಪುವರ್ಕೊ ದಾಟಿ ಇನ್ನೂ ಮುಂದೆ. ಚೂಪು ಗುಡಿಸಲಿನಂಥ ಗುಡ್ಡಗಳು ಸಿಗುತ್ತವೆ, ಟೀಪೀಸ್ ಅಂತ. ಅವು ಕಳೆದ ಮೇಲೆ ಎಡಕ್ಕೆ. ಡಿಸೆಂಬರ್‌ನಲ್ಲಿ ಹಿಮ ಬಿದ್ದಿದ್ದರೆ ಗೇಟಿನಲ್ಲಿ ರಸ್ತೆ ತೆರೆದಿದೆಯಾ ಕೇಳಿಕೊಂಡು ಹೋಗಿ.

ಸುಮ್ನೆ ಸುತ್ತಾಟ:
ಸರಿ. ಮೂರು ಗಂಟೆ ಇಟ್ಟುಕೊಳ್ಳುತ್ತೇನೆ.